ಮುಕ್ಕಾಲು

ಓಡೆನ್ಸೆಯ ಈ ಕಚೇರಿಯಲ್ಲಿ ನನ್ನ ಕೆಲಸ
ಹೊರದೇಶದ ಅಂಕಗಳನ್ನು ನಮ್ಮ ಅಂಕಗಳಾಗಿ ಅಳೆದು ಸುರಿಯುವುದು.
ಅವರ ಕೊಳಗ ಬೇರೆ, ನಮ್ಮ ಬಳ್ಳ ಬೇರೆ,
ಸುರಿಯುವಾಗ ನಾಲ್ಕು ಕಾಳು ಮೇಜಿನ ಮೇಲೆ ಬಿದ್ದೇ ಬೀಳುತ್ತವೆ.
ಹದಿನಾರು ವರ್ಷವಾಯಿತು, ಗುಡಿಸುತ್ತಲೇ ಇದ್ದೇನೆ.

ಜರ್ಮನಿಯಲ್ಲಿ ಒಂದು ಬಂದರೆ ಮನೆಯಲ್ಲಿ ಕೇಕು.
ಅದೇ ಒಂದು ಮಾಸ್ಕೋದಲ್ಲಿ ಬಂದರೆ
ಮನೆಯ ದಾರಿಯೇ ಉದ್ದ.
ಬಲ್ಗೇರಿಯದವರು ಆರಕ್ಕೆ ಕೈಮುಗಿಯುತ್ತಾರೆ,
ಇಟಲಿಯವರಿಗೆ ಮೂವತ್ತಕ್ಕೆ ಮೂವತ್ತು ಸಾಲದು,
ಅದರ ಮೇಲೊಂದು ಹೊಗಳಿಕೆಯೂ ಬೇಕು.
ನಮ್ಮದು ಇನ್ನೂ ವಿಚಿತ್ರ ಸಂಸಾರ:
ಹನ್ನೆರಡು, ಹತ್ತು, ಏಳು, ನಾಲ್ಕು,
ಆಮೇಲೆ ಸೊನ್ನೆ ಎರಡು, ಸೊನ್ನೆ ಸೊನ್ನೆ,
ಎಲ್ಲಕ್ಕಿಂತ ಕೆಳಗೆ, ನೆಲಮಾಳಿಗೆಯಲ್ಲಿ, ಮೈನಸ್ ಮೂರು.
ಎರಡರ ಎಡಕ್ಕೆ ಸೊನ್ನೆ ಯಾಕೆ, ಹೊಸಬರು ಕೇಳುತ್ತಾರೆ.
ಜಾಗ ಖಾಲಿ ಬಿಟ್ಟರೆ ಯಾರಾದರೂ ಒಂದು ಗೀಟು ಎಳೆದು
ಹನ್ನೆರಡು ಮಾಡಿಕೊಂಡಾರು, ಅದಕ್ಕೆ.
ನಂಬಿಕೆಯ ಮೇಲೆ ನಡೆಯುವ ದೇಶ ನಮ್ಮದು,
ಸೊನ್ನೆಯನ್ನು ಕಾವಲಿಗೆ ನಿಲ್ಲಿಸಿದ್ದೇವೆ.

ಸೋಮವಾರ ವಾಗಡೂಗುವಿನಿಂದ ಒಂದು ಕಡತ ಬಂತು.
ಅಸ್ಸೇತಾ ನಿಕಿಯೇಮಾ. ಅಂತರ್ಜಲ ಶಾಸ್ತ್ರ.
ಇಪ್ಪತ್ತಕ್ಕೆ ಹದಿಮೂರು ಮುಕ್ಕಾಲು.
ನೇರಳೆ ಮೊಹರು, ಸೊಟ್ಟ ಸಹಿ, ಅಂಚಿನಲ್ಲಿ ಮೇಷ್ಟ್ರ ಕೈಬರಹ:
ನೂರ ನಲವತ್ತೊಂದು ಮಂದಿಯಲ್ಲಿ ಮೊದಲನೆಯವಳು.
ಆ ಮೇಷ್ಟ್ರು ಹದಿನಾಲ್ಕು ಕೊಟ್ಟದ್ದನ್ನು ಕಂಡವರೇ ಇಲ್ಲವಂತೆ.
ಅವಳೇ ಬರೆದಿದ್ದಾಳೆ ಪತ್ರದಲ್ಲಿ,
ದೂರಿನ ದನಿಯಲ್ಲಲ್ಲ, ಈ ವರ್ಷ ಸೆಕೆ ಜಾಸ್ತಿ ಅನ್ನುವ ಹಾಗೆ.

ಕೋಷ್ಟಕದ ಮೇಲೆ ಬೆರಳಿಟ್ಟು ಇಳಿದೆ.
ಹದಿಮೂರು ಮುಕ್ಕಾಲು ಬಂದು ನಿಲ್ಲುವುದು
ನಮ್ಮ ಏಳಕ್ಕೂ ಹತ್ತಕ್ಕೂ ನಡುವೆ.
ಅಲ್ಲಿ ಯಾರೂ ವಾಸಿಸುವುದಿಲ್ಲ.
ಎಂಟಿಲ್ಲ, ಒಂಬತ್ತಿಲ್ಲ, ಬಾಗಿಲಿಲ್ಲ, ಬೀದಿದೀಪವಿಲ್ಲ.
ಕಚೇರಿಯ ನಿಯಮ: ನಡುವೆ ಸಿಕ್ಕವರನ್ನು ಕೆಳಕ್ಕೆ ಇಳಿಸತಕ್ಕದ್ದು.

ನನ್ನಮ್ಮ ರಾಗ್ನ್‌ಹಿಲ್ ಅರವತ್ತೇಳರಲ್ಲಿ
ಹಸಿರು ಬಟ್ಟೆ ಹಾಸಿದ ಮೇಜಿನ ಮುಂದೆ ಕೂತು
ಚೀಟಿ ಎತ್ತಿದಳು, ಲೋಲಕ ಬಂತು,
ಇಪ್ಪತ್ತು ನಿಮಿಷ ಮಾತಾಡಿ ಎದ್ದಾಗ ಹದಿಮೂರು.
ಹದಿಮೂರೆಂದರೆ ಆ ಕಾಲಕ್ಕೆ
ಊರಿಗೆ ಒಬ್ಬರಿಗೆ, ಅದೂ ಯಾವಾಗಲೋ.
ನನಗೆ ಎಂಬತ್ತೊಂಬತ್ತರಲ್ಲಿ,
ಅದೇ ಶಾಲೆ, ಪ್ರಾಯಶಃ ಅದೇ ಬಟ್ಟೆ, ಹನ್ನೊಂದು.
"ಹನ್ನೊಂದೂ ಒಳ್ಳೆಯದೇ," ಅಂದಳು ಆಲೂಗಡ್ಡೆ ಸುಲಿಯುತ್ತ.
ಆ ಒಂದು ದೀರ್ಘ
ಹದಿನೆಂಟು ವರ್ಷ ನನ್ನ ಕಿವಿಯಲ್ಲಿತ್ತು.

ಎರಡು ಸಾವಿರದ ಏಳರಲ್ಲಿ ಸರಕಾರ ಅಳತೆ ಬದಲಿಸಿತು.
ಪಟ್ಟಿ ಹೊರಟಿತು: ಹಳೆಯ ಹದಿಮೂರಕ್ಕೆ ಹನ್ನೆರಡು.
ಹಳೆಯ ಹನ್ನೊಂದಕ್ಕೆ
ಹನ್ನೆರಡು.
ಬಸ್ಸು ಹಿಡಿದು ಹೋಗಿ ತೋರಿಸಿದೆ.
ಕನ್ನಡಕ ಏರಿಸಿ ಎರಡು ಸಲ ಓದಿದಳು.
"ಓಹೋ, ನನ್ನನ್ನು ಇಳಿಸಿದ್ದಾರೆ," ಅಂದಳು.
ನಾನು ಏರಿದ್ದು ಅವಳ ಕಣ್ಣಿಗೆ ಬೀಳಲಿಲ್ಲ.
ಮರಳುವಾಗ ಬಸ್ಸಿನಲ್ಲಿ
ಆ ಹನ್ನೆರಡು ಎರವಲು ಕೋಟಿನಂತೆ, ಭುಜದಲ್ಲಿ ದೊಗಳೆ.

ಅಸ್ಸೇತಾಳ ಹೆಸರಿನ ಮುಂದೆ ಏಳು ಬರೆದೆ.
ಷರಾ ಎಂಬ ಚೌಕವೊಂದಿದೆ, ಬೆರಳಗಲ,
ಹೆಸರು ಬದಲಾದರೆ, ಪುಟ ಕಾಣೆಯಾದರೆ ನಮೂದಿಸಲು.
ಅದರಲ್ಲಿ ಇರುಕಿಸಿ ಬರೆದೆ:
ಆ ಪರೀಕ್ಷೆಯಲ್ಲಿ ಇವಳ ಮೇಲೆ ಯಾರೂ ಇಲ್ಲ.
ಮೇಲಿನವರು ಓದುತ್ತಾರೋ ಏನೋ.
ಯಂತ್ರ ಓದುವುದು ಏಳನ್ನು ಮಾತ್ರ.

ಭಾನುವಾರ ಫೋನಿನಲ್ಲಿ ಅಮ್ಮ ಕೇಳುವುದು ಒಂದೇ:
"ಈ ವಾರ ಯಾರನ್ನು ಏನು ಮಾಡಿದೆ?"
ಹದಿಮೂರು ಮುಕ್ಕಾಲನ್ನು ಏಳು ಮಾಡಿದೆ, ಅಂದೆ.
ಆ ಕಡೆ ಇಸ್ಪೀಟು ಕಲಸುವ ಸದ್ದು ನಿಂತಿತು.
"ಸರಿ, ಹದಿಮೂರು ಏಳಾಯಿತು, ಆಗಲಿ.
ಮುಕ್ಕಾಲು?" ಅಂದಳು,
"ಆ ಮುಕ್ಕಾಲನ್ನು ಎಲ್ಲಿಟ್ಟೆ?"