ನೂರ ನಲವತ್ನಾಲ್ಕು

ಇಪ್ಪತ್ತಾರು ವರ್ಷ ಟೈಪು ಮಾಡಿದ ಬೆರಳಿಗೆ
ತಲೆಯ ಹಂಗಿಲ್ಲ. ಕೊಲೆ ಅಂದರೆ ಮುನ್ನೂರ ಎರಡು,
ಮೋಸ ನಾನೂರ ಇಪ್ಪತ್ತು,
ಗಂಡ ಬಿಟ್ಟವಳಿಗೆ ನೂರ ಇಪ್ಪತ್ತೈದು.
ಕೋರ್ಟು ಗುಡ್ಡೆಯ ಏರಿನಲ್ಲಿ
ಕಾಲು ತಾನಾಗಿ ಹೊಂಡ ತಪ್ಪಿಸಿದ ಹಾಗೆ
ಬೆರಳು ತಾನಾಗಿ ಹೋಗಿ ಕೂರುತ್ತಿತ್ತು.

ಆಮೇಲೆ ಒಂದು ಜುಲೈ. ಸೋಮವಾರ.
ನಡುರಾತ್ರಿಗೆ ಮೊದಲು ಬಿದ್ದ ಪೆಟ್ಟಿಗೆ ಹಳೆಯ ಕಾನೂನು,
ಕಳೆದು ಬಿದ್ದದ್ದಕ್ಕೆ ಹೊಸದು.
ಪೆಟ್ಟು ತಿಂದವನಿಗೆ ಗಡಿಯಾರ ನೋಡಲು
ಪುರುಸೊತ್ತಿತ್ತೋ ಇಲ್ಲವೋ.
ಕೊಲೆ ನೂರ ಮೂರಕ್ಕಿಳಿಯಿತು, ಮೋಸ ಮುನ್ನೂರ ಹದಿನೆಂಟಕ್ಕೆ.
ನಾನೂರ ಇಪ್ಪತ್ತು ಪುಸ್ತಕದಲ್ಲೇ ಇಲ್ಲ ಈಗ,
ಬಂದರಿನ ಬೈಗುಳದಲ್ಲಿ ಮಾತ್ರ ಜಾರಿಯಲ್ಲಿದೆ.

ಮೊಂತೇರೊ ಸರ್ ತಿಂಗಳಿಗೊಂದು ಟಿಪ್ಪಣಿ ಬರೆಯುತ್ತಾರೆ
ವಕೀಲರ ಸಂಘದ ಪತ್ರಿಕೆಗೆ:
ಯಾವ ಪೀಠ ಏನೆಂದಿತು,
ಯಾವ 'ಮತ್ತು' ಎಲ್ಲಿ 'ಅಥವಾ' ಆಯಿತು.
ಅವರು ಹೇಳುತ್ತಾರೆ, ಫ್ಯಾನು ತಲೆಯಾಡಿಸುತ್ತದೆ, ನಾನು ಕುಟ್ಟುತ್ತೇನೆ.

ಬೆಂಗ್ರೆಯ ಸರಸು ಕುಂದರಳ ಅರ್ಜಿ ತಿರುಗಿ ಬಂತು.
ತಪ್ಪು ನನ್ನದು. ಬೆರಳು ನೂರ ಇಪ್ಪತ್ತೈದಕ್ಕೇ ಹೋಗಿತ್ತು.
ಕಚೇರಿಯ ಕೆಂಪು ಗೆರೆ: ಕಲಂ ಸರಿಪಡಿಸಿ ಸಲ್ಲಿಸುವುದು.
ಗೆರೆಯ ಬೆಲೆ, ಹೋಗಿ ಬರುವ ದೋಣಿ,
ಅರ್ಧ ದಿನದ ಬೂತಾಯಿ ವ್ಯಾಪಾರ, ಇನ್ನೊಂದು ತಿಂಗಳ ಸಾಲ.
ಗಂಡ ತಾಂಡೇಲ, ರತ್ನಗಿರಿ ಕಡೆಯ ಬೋಟಿನಲ್ಲಿದ್ದಾನೆ.
ಇದ್ದಾನೆ ಎನ್ನುವುದಕ್ಕೆ
ಕಳೆದ ಆಟಿಯಿಂದ ಪುರಾವೆ ಇಲ್ಲ.

ಆ ಸಂಜೆಯ ಟಿಪ್ಪಣಿ:
"ಸಂಖ್ಯೆ ತಪ್ಪಿದ ಮಾತ್ರಕ್ಕೆ ಹಕ್ಕು ತಪ್ಪದು,
ಹಾಗೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ."
ಟೈಪು ಮಾಡಿದೆ. ಪೂರ್ಣವಿರಾಮ ಎರಡು ಸಲ ಬಿತ್ತು,
ಒಂದನ್ನು ಅಳಿಸಿದೆ.
ಸರ್, ಈ ವಾಕ್ಯವನ್ನು ಕೌಂಟರಿನ ಗಾಜಿಗೆ ಅಂಟಿಸಬಹುದಿತ್ತು
ಅನ್ನಲಿಲ್ಲ.

ಮಂಗಳವಾರ ಬಂದಳು, ಬುಟ್ಟಿಯನ್ನು ಮೆಟ್ಟಿಲ ಕೆಳಗಿಟ್ಟು.
"ಈಗ ಇದು ನೂರ ನಲವತ್ನಾಲ್ಕು" ಅಂದೆ, ಸಹಿಯ ಜಾಗ ತೋರಿಸಿ.
ಪೆನ್ನು ನಿಂತಿತು.
"ಪುನಃ ಗಲಾಟೆಯಾ? ದಕ್ಕೆ ಬಂದಾ?"

ಅವಳಿಗೆ ಗೊತ್ತಿದ್ದ ನೂರ ನಲವತ್ನಾಲ್ಕು ಬೇರೆ.
ಹಂಪನಕಟ್ಟೆಯ ಶಟರುಗಳು ಒಂದೇ ಉಸಿರಿಗೆ ಬಿದ್ದ ದಿನ,
ಐದು ಮಂದಿ ಒಟ್ಟಿಗೆ ನಿಲ್ಲಬಾರದೆಂದು
ಮೀನಿನ ಹೆಂಗಸರು ಓಣಿಗೊಬ್ಬರಂತೆ ಚದುರಿ ನಡೆದದ್ದು,
ಐಸು ಕರಗಿ ಬೆನ್ನಿಗಿಳಿದದ್ದು,
ಕತ್ತಲಾದ ಮೇಲೆ ಅಷ್ಟೂ ಬೂತಾಯಿ
ಗುರುಪುರ ಹೊಳೆಗೆ.

"ಅದಲ್ಲ ಮಾರಾಯ್ತಿ, ಆ ನಂಬರು ಈಗ ನಿನ್ನ ಅನ್ನಕ್ಕೆ.
ಜೀವನಾಂಶಕ್ಕೆ."
ನೋಡಿದಳು ನನ್ನನ್ನೇ,
ತಕ್ಕಡಿಯ ಅಡಿಗೆ ಅಯಸ್ಕಾಂತ ಅಂಟಿಸಿದವಳನ್ನು ನೋಡುವಂತೆ.
ಊರು ಮುಚ್ಚಿದ ಸಂಖ್ಯೆಯೇ ಒಲೆ ಹೊತ್ತಿಸುತ್ತದೆ,
ಟಿಪ್ಪಣಿಗೊಂದು ಒಳ್ಳೆಯ ಸಾಲು, ಸರ್‌ಗೆ ಹೇಳಬೇಕು ಅಂದುಕೊಂಡೆ.
ಹೇಳಲಿಲ್ಲ. ಒಲೆ ಇನ್ನೂ ಹೊತ್ತಿಲ್ಲ.
ಮುಂದಿನ ವಾಯಿದೆ ಹದಿನೇಳಕ್ಕೆ.

ಸಹಿ ಹಾಕಿದಳು. ಸರಸು.
ಕೊನೆಯ ಕೊಂಬು ಗಾಳದ ಹಾಗೆ ಬಗ್ಗಿ
ಕಾಗದದಲ್ಲಿ ಸಿಕ್ಕಿಕೊಂಡಿತು.
ಬಾಗಿಲಲ್ಲಿ ತಿರುಗಿ ಕೇಳಿದಳು:
"ಹಾಗಾದ್ರೆ ಊರು ಮುಚ್ಚಲಿಕ್ಕೆ ಈಗ ಯಾವ ನಂಬರು?"

"ನೂರ ಅರವತ್ಮೂರು."

ಬಾಯಲ್ಲಿ ಎರಡು ಸಲ ಆಡಿಸಿ ನೋಡಿ,
ಅದನ್ನು ಮಾತ್ರ ಸೆರಗಿನ ತುದಿಗೆ ಗಂಟು ಹಾಕಿಕೊಂಡು
ಇಳಿದು ಹೋದಳು ದಕ್ಕೆಯ ಕಡೆಗೆ.