ನೆರಳಿನ ಅಳತೆ

ಬೆಂಗ್ರೆಯ ಈ ಮನೆಗೆ ನಾನು ಬಂದ ವರ್ಷ
ಅಂಗಳದ ಬಲೆಕಂಬದ ನೆರಳು,
ನಡುಹಗಲಿನದ್ದು ಕಳೆದು,
ಕಂಬದಷ್ಟೇ ಉದ್ದವಾದಾಗ
ನಿಮ್ಮ ಉಮ್ಮ ನಮಾಝಿಗೆ ಎದ್ದರು.
ನಾನು ಅಕ್ಕಿ ಆರಿಸುತ್ತ ಕೂತೇ ಇದ್ದೆ.
"ಅಸರ್ ಆಯ್ತಲ್ಲ?"
"ನಮ್ಮದು ಇನ್ನೂ ಆಗಿಲ್ಲ ಮಾಮಿ,
ನೆರಳು ಎರಡು ಕಂಬದಷ್ಟಾಗಬೇಕು."
ದಾವಣಗೆರೆಯಲ್ಲಿ ಸೂರ್ಯ ಬೇರೆಯಾ
ಎಂದು ಅವರು ಕೇಳಲಿಲ್ಲ.
"ಹಾಗಾದರೆ ಅಷ್ಟು ಹೊತ್ತು ಕಲ್ಲು ಹೆಕ್ಕು" ಎಂದು
ಇನ್ನೊಂದು ಸೇರು ಮೊರಕ್ಕೆ ಸುರಿದರು.

ಆಟಿಯಲ್ಲಿ ನೀವು ಏಡಿ ತಂದಿರಿ,
ಗೋಣಿಯೊಳಗೆ ಗೀರುವ ಸದ್ದು.
ನಿಮ್ಮ ಇಮಾಮರಿಗೆ ಇಡೀ ಕಡಲು ಒಂದು ಬಟ್ಟಲು,
ನಮ್ಮವರು ಮೀನಿನ ಹತ್ತಿರವೇ ನಿಂತುಬಿಟ್ಟರು.
"ಕೂಫಾದವರಲ್ಲವಾ, ಏಡಿ ಎಲ್ಲಿ ನೋಡಿರುತ್ತಾರೆ?"
ಎಂದು ನಕ್ಕಿರಿ. ನಾನು ನಗಲಿಲ್ಲ.
ಕಾಯಿ ತುರಿದೆ, ಮಸಾಲೆ ಅರೆದೆ, ಬೇಯಿಸಿದೆ.
ಉಪ್ಪು ಸರಿಯಿತ್ತಾ ಎಂದು
ಮೂವತ್ತೊಂದು ಮಳೆಗಾಲ ನಿಮ್ಮನ್ನೇ ಕೇಳಿದೆ.

ವುಳೂವಿನದ್ದು ಮಾತ್ರ ಕಷ್ಟವಾಯಿತು.
ಬಾವಿಕಟ್ಟೆಯಿಂದ ಕಾಲು ತೊಳೆದು ಬಂದವರಿಗೆ
ಬೈರಾಸು ಕೊಡುವಾಗ ಬೆರಳು ತಾಗಿತು,
ನೀವು ಮಾತಿಲ್ಲದೆ ಬಾವಿಗೆ ತಿರುಗಿದಿರಿ.
ನಾನೇನು ಕೊಳೆಯಾ ಎಂದು ರಾತ್ರಿ ಅತ್ತೆ.
"ಅಲ್ಲ ಮಾರಾಯ್ತಿ,
ನೀನು ತಾಗಿದ ಮೇಲೆ ನನಗೆ ನೆನಪಾಗುವುದು
ನಮಾಝು ಅಲ್ಲ, ಅದಕ್ಕೆ."
ಈ ಮಾತು ಯಾವ ಕಿತಾಬಿನದ್ದೋ,
ನಾನು ಯಾವ ಉಸ್ತಾದರನ್ನೂ ಕೇಳಲಿಲ್ಲ.
ಕತ್ತಿ ಜಾರಿ ಬೆರಳಲ್ಲಿ ರಕ್ತ ಹರಿದರೆ
ಮುರಿಯುವುದು ನನ್ನದು, ನಿಮ್ಮದಲ್ಲ.
ಹಾಗೆ ಒಂದೇ ಹಗ್ಗ ಸವೆಯಿತು.

ಬಂದರಿನ ಬೋರಾ ಅಂಗಡಿಯ ತಾಹೇರ್‌ಭಾಯಿ
ಮಧ್ಯಾಹ್ನವೇ ಎರಡೂ ನಮಾಝು ಮುಗಿಸಿ
ಸಂಜೆಯವರೆಗೆ ಮೊಳೆ ತೂಗುತ್ತಾರೆ,
ಅವರಿಗೆ ನೆರಳಿನ ಗೊಡವೆಯೇ ಇಲ್ಲ.
ಮೈದುನ ಝುಬೈರ್ ದಮ್ಮಾಮಿನಿಂದ ಬಂದವನು
ಯಾವ ಇಮಾಮರೂ ಬೇಡ, ಹದೀಸು ಸಾಕು ಎಂದ,
ಉಳ್ಳಾಲದ ದರ್ಗಾಕ್ಕೆ ಹೊರಟ ಉಮ್ಮನ
ದಾರಿಗೆ ಅಡ್ಡ ನಿಂತ.
"ನನಗೆ ಓದಲು ಬರುವುದಿಲ್ಲ ಮಗನೇ,
ಅಳಲು ಬರುತ್ತದೆ, ಸ್ವಲ್ಪ ಸರಿ" ಎಂದು
ಅವರು ದೋಣಿ ಹತ್ತಿದರು.
ಉಮ್ಮನ ನಲವತ್ತಕ್ಕೆ ಅವನು ಬರಲಿಲ್ಲ.
ತುಪ್ಪದನ್ನ ಉಳಿಯಿತು.
ಆವತ್ತು ಕಬರಿನ ಬಳಿ ಮಗ್ರಿಬ್‌ವರೆಗೆ
ಒಬ್ಬನೇ ನಿಂತಿದ್ದನೆಂದು
ಆಮೇಲೆ ದೋಣಿಯವ ಹೇಳಿದ.

ಮೊನ್ನೆ ಕಂಕನಾಡಿಯ ಆಸ್ಪತ್ರೆಯಿಂದ
ರಿಪೋರ್ಟು ಹಿಡಿದು ಹೊಳೆ ದಾಟುವಾಗ
ನೀವು ನೀರು ನೋಡುತ್ತಿದ್ದಿರಿ.
ನಾನು ಲೆಕ್ಕ ಹಾಕುತ್ತಿದ್ದೆ.

ನಮ್ಮ ಕಿತಾಬಿನಲ್ಲಿ
ಹೆಂಡತಿಯ ಉಸಿರು ನಿಂತ ಗಳಿಗೆಯಿಂದ
ಗಂಡ ಹೊರಗಿನವನು.
ನೋಡಬಹುದು, ಮುಟ್ಟುವ ಹಾಗಿಲ್ಲ.
ನಿಮ್ಮದರಲ್ಲಿ ಮೀಯಿಸಬಹುದು.

ಹುಟ್ಟಿದಂದಿನಿಂದ ಹನಫಿ ನಾನು,
ನಿಮ್ಮ ಉಮ್ಮನ ಎದುರು ಕೂಡ ಬಿಟ್ಟುಕೊಟ್ಟವಳಲ್ಲ.
ಆ ಒಂದು ದಿನಕ್ಕೆ ನಿಮ್ಮ ಕಿತಾಬು ನಡೆಯಲಿ.
ಸುಲೈಖಾಬಿಗೂ ಹೇಳಿಟ್ಟಿದ್ದೇನೆ,
ಅವಳು ನೀರು ಎರೆಯಲಿ, ಕೈ ನಿಮ್ಮದಿರಲಿ.
ನೀರು ಸ್ವಲ್ಪ ಬೆಚ್ಚಗಿರಲಿ.
ವುಳೂ ಆಮೇಲೆ ಬೇಕಾದರೆ ಮಾಡಿಕೊಳ್ಳಿ,
ಬಾವಿ ಎಲ್ಲೂ ಹೋಗುವುದಿಲ್ಲ.
ಬೆರಳ ಸಂದಿಯಲ್ಲಿ ಅರಿಶಿನದ ಕಲೆ ಇರುತ್ತದೆ,
ಏಡಿ ಮಸಾಲೆಯದ್ದು.
ಅದನ್ನು ನಿಧಾನಕ್ಕೆ ತಿಕ್ಕಿ.