ಗೆರೆ ಇರುವ ಬದಿ

ಧಾನೋರಿಯಲ್ಲಿ ಟ್ಯಾಂಕರ್ ನೀರು.
ಎರಡು ವಾರ ಬಿಟ್ಟರೆ ಸಾಕು,
ಐಸ್ಡ್ ಕಾಫಿ ಯಂತ್ರದ ಹೊಟ್ಟೆಯೊಳಗೆ
ಸುಣ್ಣ ಬಳಿದಂತಾಗುತ್ತದೆ,
ಹಬ್ಬ ಯಾವುದೂ ಇಲ್ಲದೆ.

ಹಾಗಾಗಿ ಭಾನುವಾರ, ರಾತ್ರಿ ಪಾಳಿ ಮುಗಿಸಿ ಬಂದು
ಮಲಗುವ ಮುಂಚೆ
ಒಂದು ಚಮಚ ನಿಂಬೆ ಉಪ್ಪು ಕದಡಿ ಸುರಿದು ಗುಂಡಿ ಒತ್ತುತ್ತೇನೆ.
ಕಾಫಿಯಿಲ್ಲ, ಐಸಿಲ್ಲ,
ಬರೀ ಹುಳಿ ನೀರು ಕೆಮ್ಮುತ್ತ, ಕ್ಯಾಕರಿಸುತ್ತ ಇಳಿಯುತ್ತದೆ.
ಲೋಟದ ತಳದಲ್ಲಿ ಬಿಳಿ ಚಕ್ಕೆ.
ಆಮೇಲೆ ಮೂರು ಸಲ ಸಾದಾ ನೀರು.
ಎರಡೇ ಸಾಕು ಅನ್ನುತ್ತಾನೆ ಗಂಡ,
ದೌಂಡಿನಾಚೆ ಎಲ್ಲೋ ಸಿಗ್ನಲ್ಲಿಗೆ ಕಾದು ನಿಂತ
ಗೂಡ್ಸ್ ಗಾಡಿಯ ಗಾರ್ಡ್ ಡಬ್ಬಿಯಿಂದ, ಫೋನಿನಲ್ಲಿ.
ಅವನ ನಾಲಿಗೆಗೆ ಏನು ಗೊತ್ತು.

ಲ್ಯಾಬಿನಲ್ಲಿ ನನ್ನ ಕೆಲಸ ನೋಡುವುದು.
ರಾತ್ರಿಯಿಡೀ ಊರವರ ರಕ್ತ, ಊರವರ ಉಚ್ಚೆ.
ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಎಳೆದರೆ
ಯಾರ ಮನೆಯಲ್ಲಿ ಏನು ನಡೆದಿದೆ, ತಿಳಿಯುತ್ತದೆ.
ಹೆಸರಿರುವುದಿಲ್ಲ. ಸೀಸೆಗೊಂದು ಪಟ್ಟೆ ಪಟ್ಟೆ ಚೀಟಿ, ಅಷ್ಟೇ.
ಹಾಲು ಹನಿಸಿ, ಒದ್ದೆಯಿರುವಾಗಲೇ ಮುಚ್ಚಿಟ್ಟಲ್ಲಿ
ಏನೇನು ಬೆಳೆಯುತ್ತದೆಂದು ಕಣ್ಣಾರೆ ಕಂಡವಳು;
ನಮ್ಮ ಯಂತ್ರದ ಬಾಯಿ ಸದಾ ತೆರೆದೇ ಒಣಗುತ್ತದೆ.

ಮೊದಲು ಜರಡಿ. ಒದ್ದೆ ಪುಡಿ ಕರಿಬೇವಿನ ಕುಂಡಕ್ಕೆ,
ತುಳಸಿಗೆ ಹಾಕಿದರೆ ಆಯಿ ಬೈಯುತ್ತಾರೆ.
ಬೆಳಕಿಗೆ ಹಿಡಿದಾಗ ಕಣ್ಣುಕಣ್ಣೂ ತೆರೆದಿರಬೇಕು.
ಆಮೇಲೆ ಸ್ಟ್ರಾ. ಅದಕ್ಕೆ ಇಲಿಬಾಲದಂಥ ಕುಂಚ.
ಕೊನೆಗೆ ಲೋಟದ ಮುಚ್ಚಳದ ರಬ್ಬರ್ ಬಳೆ.
ಚಮಚದ ಹಿಡಿಯಿಂದ ಮೆಲ್ಲಗೆ ಎಬ್ಬಿಸಬೇಕು,
ಉಗುರು ತಾಗಿದರೆ ಹರಿಯುತ್ತದೆ.
ಬಳೆಯ ಒಂದು ಬದಿಗೆ ಕೂದಲೆಳೆಯಷ್ಟು ಗೆರೆ.
ಗೆರೆ ಮೇಲೆ. ಯಾವಾಗಲೂ ಮೇಲೆ.

ಈ ಭಾನುವಾರ
ಗೆರೆ ಕೆಳಗಿತ್ತು.

ಸಂದಿಯಲ್ಲಿ ಕಂದು ಅಂಟು.
ಕಾಫಿಯ ಕಂದಲ್ಲ.
ಮೂಸಿದೆ. ಬೆರಳ ತುದಿಗೆ ಹಚ್ಚಿಕೊಂಡು,
ಲ್ಯಾಬಿನಲ್ಲಾಗಿದ್ದರೆ ನೌಕರಿ ಹೋಗುತ್ತಿತ್ತು,
ನೆಕ್ಕಿದೆ.
ಬೆಲ್ಲ.
ಕೊಲ್ಹಾಪುರದ್ದು. ನಾನೇ ಸ್ಟೂಲ್ ಹತ್ತಿ
ಮೇಲಿನ ಕಪಾಟಿನಲ್ಲಿ, ಹಳೆಯ ಕುಕ್ಕರಿನ ಹಿಂದೆ ಇಟ್ಟದ್ದು.

ಒಳಕೋಣೆಯಲ್ಲಿ ಆಯಿ ಮಗ್ಗುಲಾಗಿ ಮಲಗಿದ್ದರು.
ನನ್ನ ಅತ್ತೆ, ಎಪ್ಪತ್ತೊಂದು.
ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಹಿತ್ತಾಳೆಯ ತೋಟಾ ಒರೆಸಿ, ಎಣಿಸಿ, ಸಾಲಾಗಿ ನಿಲ್ಲಿಸಿದವರು.
ಒಂದೂ ತಪ್ಪಿಲ್ಲವೆಂದು ಚೌಕಟ್ಟಿನೊಳಗೆ ಸರ್ಟಿಫಿಕೇಟ್ ಇದೆ.
ನಾನು ಪಾಳಿಗೆ ಹೋದ ಮೇಲೆ
ಎರಡಕ್ಕೋ ಮೂರಕ್ಕೋ ಎದ್ದು
ಸ್ಟೂಲ್ ಎಳೆದು, ಆ ಮೊಣಕಾಲಲ್ಲಿ ಹತ್ತಿ,
ಬೆಲ್ಲ ಇಳಿಸಿ, ಐಸ್ ತುಂಬಿ, ಕಾಫಿ ಇಳಿಸಿ
ಕುಡಿದು
ಎಲ್ಲ ಬಿಚ್ಚಿ, ತೊಳೆದು, ಒರೆಸಿ, ಜೋಡಿಸಿಟ್ಟಿದ್ದಾರೆ.
ಕಣ್ಣು ಮುಚ್ಚಿ ಹಾಲು ಕುಡಿವ ಬೆಕ್ಕು ನನಗೆ ಗೊತ್ತು;
ಕುಡಿದ ಬಟ್ಟಲು ಬೆಳಗಿಡುವ ಬೆಕ್ಕು ಇದೇ ಮೊದಲು.
ಜರಡಿಯಂತೂ ನನಗಿಂತ ಚೆನ್ನಾಗಿ ಉಜ್ಜಿದ್ದರು,
ಸೂಜಿ ಹಾಕಿ ಒಂದೊಂದೇ ಕಣ್ಣು ಬಿಡಿಸಿದ್ದರು.

ಎಬ್ಬಿಸಿ ಕೇಳಬೇಕೆಂದು ಬಾಗಿಲವರೆಗೆ ಹೋದೆ.
ವಾಪಸ್ ಬಂದೆ.
ಬಳೆ ತೊಳೆದು, ಗೆರೆ ಮೇಲೆ ಮಾಡಿ ಕೂರಿಸಿದೆ.
ಸ್ಟೂಲಿನ ಕುಂಟು ಕಾಲಿಗೆ
ರಟ್ಟು ಮಡಚಿ ಕೊಟ್ಟೆ.

ಮಂಗಳವಾರ ರಕ್ತ ತೆಗೆಯುವ ದಿನ.
ಮೂರು ತಿಂಗಳ ಸಿಹಿಯನ್ನೆಲ್ಲ ಕೂಡಿಸಿ
ಒಂದೇ ಅಂಕಿಯಲ್ಲಿ ಹೇಳಿಬಿಡುವ ಪರೀಕ್ಷೆ.
ಆಯಿ ಸೆರಗು ಸರಿಸಿ ಕೈ ಚಾಚಿದರು.
ಯಾವಾಗಲೂ ಅಡಗುವ ನರ
ಅಂದು ತಾನಾಗಿ ಎದ್ದು ಬಂದಿತ್ತು.
ಸೀಸೆಯಲ್ಲಿ ಕೆಂಪು ಏರುತ್ತಿರುವಾಗ
ಗೋಡೆ ನೋಡುತ್ತ ಕೇಳಿದರು,
ನನ್ನಿಂದಲೇ ಕಲಿತ ಮುರುಕು ಹುಬ್ಬಳ್ಳಿ ಕನ್ನಡದಲ್ಲಿ:
"ಆ ಬಳೀದು ಗೆರಿ ಮ್ಯಾಲ ಬರತದೇನ್, ಕೆಳಗ?"

ಮ್ಯಾಲ, ಅಂದೆ.
ಹತ್ತಿ ಒತ್ತಿ ಹಿಡೀರಿ, ಅಂದೆ.
ಸೀಸೆಗೆ ಚೀಟಿ ಹಚ್ಚಿದೆ.
ಸೊಟ್ಟಗೆ ಹತ್ತಿತು.
ಹಾಗೇ ಒಯ್ದೆ.